ನಾಯಿ, ಬೆಕ್ಕಿನ ಹಲ್ಲುಜ್ಜುವುದು: ಬ್ರಷ್ ಬರಬೇಕಾದ್ದು ನಾಲ್ಕನೇ ವಾರಕ್ಕೆ

ಬ್ರಷ್ ತಂದರು, ಪೇಸ್ಟ್ ತಂದರು, ಅವತ್ತೇ ಸಂಜೆ ನಾಯಿಯನ್ನು ಎರಡು ಮೊಣಕಾಲಿನ ನಡುವೆ ಹಿಡಿದು ಬಾಯಿ ಅಗಲಿಸಿದರು. ಅದು ಕೊಸರಿಕೊಂಡು ಮಂಚದ ಕೆಳಗೆ ಸೇರಿತು. ಮರುದಿನದಿಂದ ಬ್ರಷ್ ಕಂಡರೆ ಸಾಕು, ಗುರ್ ಅನ್ನುತ್ತದೆ. ಕಲಬುರಗಿಯಲ್ಲಿ ನನಗೆ ಗೊತ್ತಿರುವ ನಾಯಿ ಸಾಕಿದವರ ಪೈಕಿ ಬಹುತೇಕರದ್ದು ಇದೇ ಕಥೆ. ಕಡೆಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ನಮ್ಮ ನಾಯಿ ಮಾಡಿಸ್ಕೊಳ್ಳಂಗಿಲ್ಲ ಬಿಡ್ರೀ."

ಮಾಡಿಸಿಕೊಳ್ಳುತ್ತದೆ. ನೀವು ಕೊನೆಯ ಹೆಜ್ಜೆಯನ್ನು ಮೊದಲ ದಿನವೇ ಇಟ್ಟಿದ್ದೀರಿ, ಅಷ್ಟೇ. ನಾನೂ ಹಾಗೇ ಮಾಡಿ ಹೆಬ್ಬೆರಳಿಗೆ ಕಚ್ಚಿಸಿಕೊಂಡವನು. ನಮ್ಮ ಮನೆಯಲ್ಲಿ ರಾಜಾ ಅಂತ ಒಂದು ಪಾಮೇರಿಯನ್, ಮುನ್ನಿ ಅಂತ ಒಂದು ಬೆಕ್ಕು ಇವೆ. ಈಗ ಎರಡೂ ದಿನಾ ಹಲ್ಲುಜ್ಜಿಸಿಕೊಳ್ಳುತ್ತವೆ. ಮುನ್ನಿ ಮಾತ್ರ ನನ್ನ ಮೇಲೆ ಉಪಕಾರ ಮಾಡುವವಳ ಹಾಗೆ ಮುಖ ಮಾಡುತ್ತಾಳೆ.

ಕೆಳಗಿನ ಹಂತಗಳಿಗೆ ಸುಮಾರು ನಾಲ್ಕು ವಾರ ಬೇಕು. ಬೆಕ್ಕಿಗೆ ಆರು ವಾರವೂ ಆಗಬಹುದು. ಎರಡು ದಿನದಲ್ಲಿ ಮುಗಿಸುವ ಉಪಾಯ ಇದ್ದಿದ್ದರೆ ನಾನೇ ಮೊದಲು ಮಾಡುತ್ತಿದ್ದೆ.

ಶುರು ಮಾಡುವ ಮೊದಲು: ಈ ಪ್ರಾಣಿಗಳ ಬಾಯಿಗೆ ಕೈ ಹಾಕಬೇಡಿ

ರೇಬೀಸ್ ಲಸಿಕೆ ಆಗದ ನಾಯಿ, ಬೆಕ್ಕಿನ ಬಾಯಿಗೆ ಕೈ ಹಾಕಬಾರದು. ಮನೆಯೊಳಗೇ ಇರುತ್ತದೆ, ಹೊರಗೆ ಹೋಗುವುದೇ ಇಲ್ಲ ಅನ್ನುವ ಮಾತು ಬೇಡ. ನಮ್ಮ ಓಣಿಗಳಲ್ಲಿ ಬೀದಿನಾಯಿ ಎಷ್ಟಿವೆ ಅಂತ ನಿಮಗೆ ಗೊತ್ತು. ಮರಿಗೆ 3 ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷವರ್ಷ ಮತ್ತೆ ಹಾಕಿಸಿ. ಕಾರ್ಡ್ ತೆಗೆದು ತಾರೀಖು ನೋಡಿ, ಆಮೇಲೆ ಬ್ರಷ್ ಕೊಳ್ಳಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನಾಯಿಗೆ ಇದ್ದಕ್ಕಿದ್ದಂತೆ ಜೊಲ್ಲು ಸುರಿಯತೊಡಗಿತು, ಕೆಳದವಡೆ ಜೋತುಬಿತ್ತು, ನೀರು ನುಂಗಲು ಆಗುತ್ತಿಲ್ಲ, ಬೊಗಳುವ ದನಿ ಬದಲಾಗಿದೆ, ನಡವಳಿಕೆ ವಿಚಿತ್ರವಾಗಿದೆ ಅಂದರೆ "ಎಲುಬು ಸಿಕ್ಕೊಂಡದ" ಅಂತ ಬಾಯಿಗೆ ಕೈ ಹಾಕಬೇಡಿ. ರೇಬೀಸ್ ಕೂಡ ಹೀಗೇ ಕಾಣುತ್ತದೆ. ಅದನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಮಕ್ಕಳನ್ನು ದೂರ ಇಟ್ಟು, ಪಶುವೈದ್ಯರಿಗೆ ಫೋನ್ ಮಾಡಿ.

ಮರಿಗಳ ವಿಷಯವೂ ಬೇರೆ. ನಾಯಿಮರಿಗೆ 28 ಹಾಲುಹಲ್ಲು ಇರುತ್ತವೆ. ಆರೇಳು ತಿಂಗಳಾಗುವಷ್ಟರಲ್ಲಿ ಅವು ಬಿದ್ದು 42 ಗಟ್ಟಿ ಹಲ್ಲು ಬರುತ್ತವೆ. ಬೆಕ್ಕಿಗೆ ಹಾಲುಹಲ್ಲು 26, ದೊಡ್ಡದಾದ ಮೇಲೆ 30. ಹಲ್ಲು ಬೀಳುವ ಹೊತ್ತಿನಲ್ಲಿ ವಸಡು ನೋಯುತ್ತಿರುತ್ತದೆ. ಆಗ ಬ್ರಷ್ ತಿಕ್ಕಿದರೆ ಆ ನೋವನ್ನು ಅದು ಮರೆಯುವುದಿಲ್ಲ. ಆ ವಯಸ್ಸಿಗೆ ತುಟಿ ಮುಟ್ಟುವುದು, ಬೆರಳು ನೆಕ್ಕಿಸುವುದು, ಅಷ್ಟೇ ಸಾಕು.

ಬೇಕಾದ ಸಾಮಾನು

ಸಣ್ಣ ತಲೆಯ, ತುಂಬಾ ಮೆದುವಾದ ಬ್ರಷ್. ಚಿಕ್ಕ ಮಕ್ಕಳ ಬ್ರಷ್ ಚೆನ್ನಾಗಿಯೇ ಆಗುತ್ತದೆ. ದೊಡ್ಡ ನಾಯಿಗೆ ಉದ್ದ ಹಿಡಿಕೆಯದು ಇರಲಿ. ಬೆರಳಿಗೆ ಟೋಪಿಯ ಹಾಗೆ ಹಾಕುವ ರಬ್ಬರ್ ಬ್ರಷ್ ಅಂಗಡಿಯವರು ತೋರಿಸುತ್ತಾರೆ. ನನಗೆ ಅದು ಅಷ್ಟಕ್ಕಷ್ಟೇ. ಅದರ ಎಳೆಗಳು ದಪ್ಪ, ವಸಡಿನ ಅಂಚಿಗೆ ಇಳಿಯುವುದಿಲ್ಲ. ಮೇಲಾಗಿ ನಿಮ್ಮ ಬೆರಳು ಪೂರ್ತಿ ಅದರ ಬಾಯಲ್ಲಿರುತ್ತದೆ.

ಪೇಸ್ಟ್ ನಾಯಿ, ಬೆಕ್ಕಿಗೆಂದೇ ಮಾಡಿದ್ದಾಗಿರಬೇಕು. ಕೋಳಿಯದೋ ಮೀನಿನದೋ ರುಚಿ ಇರುತ್ತದೆ. ಎನ್‌ಜೈಮ್ ಇರುವುದು ಸಿಕ್ಕರೆ ಒಳ್ಳೆಯದು. ಯಾದಗಿರಿ, ಶಹಾಪುರ, ಆಳಂದ ಕಡೆಯವರು ಆನ್‌ಲೈನ್‌ನಲ್ಲಿ ತರಿಸಬೇಕಾಗಬಹುದು. ಅದು ಬರುವ ತನಕ ಬರೀ ನೀರಲ್ಲಿ ಅದ್ದಿದ ಬ್ರಷ್ ಸಾಕು, ಯಾಕೆಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡುವುದು ಬ್ರಷ್‌ನ ಎಳೆಗಳೇ.

ಔಷಧ ಅಂಗಡಿಯಲ್ಲಿ ಸಿಗುವ ಗಾಜ್ ಬಟ್ಟೆ, ಒಂದು ಸಣ್ಣ ಟಾರ್ಚ್ ಅಥವಾ ಮೊಬೈಲ್ ಲೈಟ್. ಬೆಕ್ಕಿಗೆ ಕಿವಿ ಕಡ್ಡಿ, ಅಂದರೆ ತುದಿಗೆ ಹತ್ತಿ ಸುತ್ತಿದ ಬಡ್ಸ್. ಬಹುಮಾನಕ್ಕೆ ಉಪ್ಪು, ಖಾರ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕದೆ ಬರೀ ನೀರಲ್ಲಿ ಬೇಯಿಸಿದ ಕೋಳಿ ಚೂರು. ಮನೆಯ ಮಟನ್ ಸಾರಿನ ರಸ ನೆಕ್ಕಿಸಿದರೆ ಕೆಲಸ ಬೇಗ ಆಗುತ್ತದೆ ಅನಿಸುತ್ತದೆ ನಿಜ, ಆದರೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿ, ಬೆಕ್ಕಿನ ರಕ್ತಕಣಗಳನ್ನು ಹಾಳು ಮಾಡುತ್ತವೆ.

ನಿಮ್ಮ ಪೇಸ್ಟ್ ಮಾತ್ರ ಬೇಡ. ನಾವು ಉಗುಳುತ್ತೇವೆ, ಅವು ನುಂಗುತ್ತವೆ. ನಮ್ಮ ಪೇಸ್ಟಿನ ಫ್ಲೋರೈಡ್, ನೊರೆ ಬರಿಸುವ ಸೋಪಿನಂಥ ವಸ್ತು ಹೊಟ್ಟೆಗೆ ಹೋಗುವಂಥದ್ದಲ್ಲ. ಕೆಲವು ಪೇಸ್ಟಿನಲ್ಲಿ ಸಿಹಿಗೆಂದು ಕ್ಸೈಲಿಟಾಲ್ ಹಾಕಿರುತ್ತಾರೆ. ಅದು ನಾಯಿಗೆ ವಿಷ. ಒಂದು ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು, ಲಿವರ್ ಕೆಡಬಹುದು. ನಾಯಿ ಅಂಥ ಟ್ಯೂಬ್ ಕಚ್ಚಿ ತಿಂದಿದ್ದರೆ ಕಾಯಬೇಡಿ, ಟ್ಯೂಬ್ ಸಮೇತ ಡಾಕ್ಟರ ಹತ್ತಿರ ಹೋಗಿ.

ಹಂತ 1: ಬ್ಯಾಟರಿ ಹಾಕಿ ಬಾಯಿ ನೋಡುವುದು

ಇದನ್ನು ಬಿಡುವವರೇ ಜಾಸ್ತಿ. ನಾಯಿ ಆರಾಮಾಗಿ ಮಲಗಿದ್ದಾಗ ಮೇಲ್ತುಟಿ ಸ್ವಲ್ಪ ಎತ್ತಿ ನೋಡಿ. ಬಾಯಿ ತೆರೆಸಬೇಡಿ.

ಹಲ್ಲಿನ ಮೇಲೆ ದಿನಾ ಕಟ್ಟುವುದು ಮೆತ್ತನೆಯ ಪಾಚಿ. ಅದನ್ನು ಬ್ರಷ್ ತೆಗೆಯುತ್ತದೆ. ಎರಡು ಮೂರು ದಿನ ಹಾಗೇ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜ ಸೇರಿಕೊಂಡು ಅದು ಗಟ್ಟಿಯಾಗುತ್ತದೆ, ಹಳದಿ ಕಂದು ಬಣ್ಣದ ಕಲ್ಲಿನ ಹಾಗೆ ಆಗುತ್ತದೆ. ಅದೇ ಟಾರ್ಟರ್. ಅದನ್ನು ಯಾವ ಬ್ರಷ್ಷೂ ತೆಗೆಯುವುದಿಲ್ಲ. ತಿಂಗಳುಗಟ್ಟಲೆ ಉಜ್ಜಿದರೂ ಹಲ್ಲು ಬೆಳ್ಳಗಾಗಲಿಲ್ಲ ಅನ್ನುವವರದ್ದು ಇದೇ ಸಮಸ್ಯೆ.

ಬಾಯಿಯ ಹಿಂಭಾಗದಲ್ಲಿ, ಕೆನ್ನೆಯ ಒಳಗೆ, ಮೇಲಿನ ದವಡೆಯಲ್ಲಿ ಒಂದು ದೊಡ್ಡ ಹಲ್ಲಿದೆ. ಎಲುಬು, ಮಾಂಸ ಕತ್ತರಿಸುವ ಹಲ್ಲು ಅದು. ಜೊಲ್ಲಿನ ನಾಳ ಅದರ ಹತ್ತಿರವೇ ತೆರೆದುಕೊಳ್ಳುವುದರಿಂದ ಎಲ್ಲಕ್ಕಿಂತ ಮೊದಲು ಕಲ್ಲು ಕಟ್ಟುವುದು ಅದರ ಮೇಲೆಯೇ. ಮುಂದಿನ ಹಲ್ಲು ಫಳಫಳ ಅನ್ನುತ್ತಿದ್ದರೂ ಅದನ್ನು ನೋಡದೆ ಬಾಯಿ ಚೆನ್ನಾಗಿದೆ ಅನ್ನಬೇಡಿ.

ವಸಡು ತಿಳಿ ಗುಲಾಬಿ ಬಣ್ಣಕ್ಕಿದ್ದರೆ ಸರಿ. ಕೆಲವು ನಾಯಿಗೆ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತವೆ, ಅದಕ್ಕೆ ಹೆದರಬೇಕಿಲ್ಲ. ಹಲ್ಲಿನ ಬುಡದಲ್ಲಿ ಕೆಂಪು ಗೆರೆ, ಊತ, ಮುಟ್ಟಿದರೆ ರಕ್ತ, ಅಲುಗಾಡುವ ಹಲ್ಲು, ಮುರಿದ ಹಲ್ಲು, ಕೀವು, ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿ ಶುರು ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ನೋಯುವ ಬಾಯಿಗೆ ಬ್ರಷ್ ಹಾಕಿದರೆ ಕಚ್ಚದೆ ಇನ್ನೇನು ಮಾಡುತ್ತದೆ?

ಪಾಮೇರಿಯನ್, ಶಿಟ್ಜು, ಪಗ್ ಥರದ ಸಣ್ಣ ಜಾತಿಯವರು ಇನ್ನೊಂದನ್ನು ನೋಡಬೇಕು. ಕೋರೆಹಲ್ಲು ಇರುವಲ್ಲಿ ಒಂದರ ಪಕ್ಕ ಒಂದು ಎರಡು ಕೋರೆ ಇವೆಯಾ? ಹಾಗಿದ್ದರೆ ಹಾಲುಹಲ್ಲು ಬಿದ್ದಿಲ್ಲ ಅಂತ ಅರ್ಥ. ಎರಡರ ಸಂದಿಯಲ್ಲಿ ಕೂದಲು, ಅನ್ನ ಸಿಕ್ಕಿಕೊಂಡು ಕೊಳೆಯುತ್ತದೆ. ಡಾಕ್ಟರೇ ಕೀಳಬೇಕು.

ಹಂತ 2: ಹೊತ್ತು ಮತ್ತು ಜಾಗ

ಸಂಜೆ ಅಡ್ಡಾಡಿಸಿ ಬಂದ ಮೇಲೆ, ಊಟಕ್ಕೆ ಮೊದಲು. ನನ್ನ ಅನುಭವದಲ್ಲಿ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ದಣಿದಿರುತ್ತದೆ, ಹಸಿದಿರುತ್ತದೆ, ಮುಗಿದ ಕೂಡಲೇ ಊಟ ಸಿಗುತ್ತದೆ ಅನ್ನುವುದು ನಾಲ್ಕೇ ದಿನದಲ್ಲಿ ಅದರ ತಲೆಗೆ ಹೋಗುತ್ತದೆ.

ಬೇಸಿಗೆಯಲ್ಲಿ ಮಾತ್ರ ಲೆಕ್ಕ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲಿಗೆ ಹೆದರಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತದೆ, ನಾಯಿಗೆ ಕೇಳಬೇಕಾ? ನಾಲಿಗೆ ಚಾಚಿ ತೇಕುತ್ತಿರುವ ನಾಯಿಯ ಬಾಯಿ ಮುಚ್ಚಿಸಿ ಬ್ರಷ್ ಮಾಡಬಾರದು. ಅದು ಮೈ ತಣ್ಣಗೆ ಮಾಡಿಕೊಳ್ಳುವುದೇ ಹಾಗೆ ತೇಕಿ. ನೀರು ಕುಡಿದು, ಉಸಿರು ನಿಧಾನವಾಗಿ, ಬಾಯಿ ತಾನಾಗಿ ಮುಚ್ಚಿದ ಮೇಲೆ ಶುರು ಮಾಡಿ. ರಾತ್ರಿ 9 ಆದರೂ ಆಗಲಿ.

ಜಾಗದ ವಿಷಯದಲ್ಲಿ ನಾನು ಎಷ್ಟೋ ದಿನ ಎಡವಿದ್ದೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ. ನುಣುಪಾದ ಕಲ್ಲಿನ ಮೇಲೆ ನಾಯಿ ಕೂತರೆ ಹಿಂಗಾಲು ಜಾರುತ್ತಲೇ ಇರುತ್ತದೆ, ಅದರ ಗಮನವೆಲ್ಲ ಬೀಳದೆ ಇರುವುದರ ಮೇಲೆ. ಅದು ಕೊಸರಾಡುವುದು ಬ್ರಷ್‌ಗಲ್ಲ, ನೆಲಕ್ಕೆ. ಒಂದು ಗೋಣಿತಟ್ಟೋ ಹಳೆ ಕೌದಿಯೋ ಹಾಸಿದೆ, ಅರ್ಧ ಜಗಳ ಅಲ್ಲಿಗೇ ಮುಗಿಯಿತು. ದಿನಾ ಅದೇ ಕೌದಿ, ಅದೇ ಮೂಲೆ. ಆಮೇಲೆ ಕೌದಿ ಹಾಸಿದರೆ ಸಾಕು, ತಾನೇ ಬಂದು ಕೂರುತ್ತದೆ.

ನೀವು ಅದರ ಎದುರಿಗೆ ಕೂರಬೇಡಿ. ಪಕ್ಕದಲ್ಲಿ, ನೀವಿಬ್ಬರೂ ಒಂದೇ ಕಡೆ ನೋಡುವ ಹಾಗೆ ಕೂರಿ. ಎದುರಿಗೆ ನಿಂತು ಮೇಲಿಂದ ಬಗ್ಗಿದರೆ ನಾಯಿಗೆ ಅದು ಬೆದರಿಕೆ. ಸಣ್ಣ ನಾಯಿಯಾದರೆ ತೊಡೆಯ ಮೇಲೆ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗಿರಲಿ.

ಹಂತ 3: ಮೊದಲ ವಾರ, ಬರೀ ಮುಟ್ಟುವುದು

ಈ ವಾರ ಬ್ರಷ್ಷೂ ಇಲ್ಲ, ಪೇಸ್ಟೂ ಇಲ್ಲ. ಕೌದಿಯ ಮೇಲೆ ಕೂರಿಸಿ, ಕೆನ್ನೆ ಸವರಿ, ಮೂಗಿನ ಪಕ್ಕ ಮುಟ್ಟಿ, ಒಂದು ಕೋಳಿ ಚೂರು ಕೊಡಿ. ಎರಡು ದಿನ ಇಷ್ಟೇ. ಮೂರನೇ ದಿನದಿಂದ ಮೇಲ್ತುಟಿ ಅರ್ಧ ಸೆಕೆಂಡ್ ಎತ್ತಿ ಬಿಡಿ, ಚೂರು ಕೊಡಿ. ಎರಡೂ ಕಡೆ ಮಾಡಿ. ಒಂದೇ ಕಡೆ ಅಭ್ಯಾಸವಾದರೆ ಇನ್ನೊಂದು ಕಡೆಗೆ ಮತ್ತೆ ಮೊದಲಿನಿಂದ ಹೆಣಗಬೇಕು.

ಮೊದಲು ಮುಟ್ಟಬೇಕು, ಆಮೇಲೆ ತಿನಿಸು. ಚೂರು ತೋರಿಸುತ್ತಾ ಆ ಗ್ಯಾಪಿನಲ್ಲಿ ತುಟಿ ಎತ್ತಿದರೆ ನಾಯಿ ಕಲಿಯುವುದು ಒಂದೇ: ಕೋಳಿ ಚೂರು ಬಂದರೆ ಹುಷಾರಾಗಿರಬೇಕು.

ತಲೆ ತಿರುಗಿಸುವುದು, ಪದೇ ಪದೇ ಮೂಗು ನೆಕ್ಕಿಕೊಳ್ಳುವುದು, ಆಕಳಿಸುವುದು, ಕಣ್ಣಿನ ಬಿಳಿ ಕಾಣುವ ಹಾಗೆ ಓರೆಗಣ್ಣಲ್ಲಿ ನೋಡುವುದು, ಇವೆಲ್ಲ ಸಾಕು ಅನ್ನುವುದರ ಗುರುತು. ಮೈ ಬಿಗಿದು ಅಲುಗಾಡದೆ ನಿಂತರೆ ಇನ್ನೂ ಹುಷಾರು, ಮುಂದಿನದು ಕಚ್ಚುವುದೇ. ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರ್ ಅನ್ನುವುದನ್ನು ಬಿಟ್ಟು ಸೀದಾ ಕಚ್ಚುವುದನ್ನು ಕಲಿಯುತ್ತದೆ. ಅವತ್ತಿಗೆ ನಿಲ್ಲಿಸಿ, ನಾಳೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಿ.

ಹಂತ 4: ಎರಡನೇ ವಾರ, ಬೆರಳು ಮತ್ತು ಪೇಸ್ಟ್

ಬೆರಳ ತುದಿಗೆ ಪೇಸ್ಟ್ ಹಚ್ಚಿ ನೆಕ್ಕಲು ಬಿಡಿ. ಎರಡು ದಿನ ಬರೀ ನೆಕ್ಕಲಿ. ರುಚಿ ಹಿಡಿಸದಿದ್ದರೆ ಪೇಸ್ಟ್ ಬದಲಿಸಿ, ಹಟ ಹಿಡಿಯಬೇಡಿ.

ಆಮೇಲೆ ತುಟಿ ಎತ್ತಿ, ಪೇಸ್ಟ್ ಹಚ್ಚಿದ ಬೆರಳನ್ನು ಕೋರೆಹಲ್ಲಿನ ಹೊರಗಡೆ ಒಮ್ಮೆ ಸವರಿ ತೆಗೆಯಿರಿ. ಶುರು ಮಾಡಬೇಕಾದ್ದು ಕೋರೆಹಲ್ಲಿನಿಂದ, ಎದುರಿನ ಸಣ್ಣ ಹಲ್ಲಿನಿಂದ ಅಲ್ಲ. ಮೂಗಿನ ಕೆಳಗಿನ ಆ ಭಾಗ ತುಂಬಾ ಸೂಕ್ಷ್ಮ, ಅಲ್ಲಿ ಮುಟ್ಟಿದರೆ ಎಂಥ ಸಾಧು ನಾಯಿಯೂ ಸೀನಿ ತಲೆ ಕೊಡವುತ್ತದೆ. ಕೋರೆಯಿಂದ ದಿನಾ ಒಂದೊಂದು ಹಲ್ಲು ಹಿಂದಕ್ಕೆ ಹೋಗಿ. ವಾರದ ಕೊನೆಗೆ ಕೆನ್ನೆಯೊಳಗೆ ಆ ದೊಡ್ಡ ಹಲ್ಲಿನ ತನಕ ಬೆರಳು ಹೋಗಬೇಕು.

ಬೆರಳು ಕೆನ್ನೆ ಮತ್ತು ಹಲ್ಲಿನ ನಡುವೆ ಇರಬೇಕು, ಮೇಲಿನ ಹಲ್ಲು ಮತ್ತು ಕೆಳಗಿನ ಹಲ್ಲಿನ ನಡುವೆ ಅಲ್ಲ. ಬಾಯಿ ಮುಚ್ಚಿಯೇ ಇರಲಿ. ಕಚ್ಚಿಸಿಕೊಂಡವರಲ್ಲಿ ಬಹಳ ಜನ ಬಾಯಿ ತೆರೆಸಿ ಕಚ್ಚಿಸಿಕೊಂಡವರು, ನನ್ನನ್ನೂ ಸೇರಿಸಿ.

ಹಂತ 5: ಮೂರನೇ ವಾರ, ಗಾಜ್ ಬಟ್ಟೆ

ತೋರುಬೆರಳಿಗೆ ಗಾಜ್ ಸುತ್ತಿ, ನೀರಲ್ಲಿ ಅದ್ದಿ ಹಿಂಡಿ, ಪೇಸ್ಟ್ ಹಚ್ಚಿ ಹಾಗೇ ಸವರಿ. ಹಲ್ಲಿನ ಮೇಲೆ ಏನೋ ಒರಟಾದ್ದು ಓಡಾಡುತ್ತದೆ ಅನ್ನುವುದು ಅಭ್ಯಾಸವಾಗಲಿ. ಸುತ್ತಿದ ಬಟ್ಟೆಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿರಿ, ಕೋಳಿ ರುಚಿ ಹತ್ತಿದ ಬಟ್ಟೆಯನ್ನು ನಾಯಿ ಎಳೆದು ನುಂಗಿಬಿಡುತ್ತದೆ. ಕೆಲವರು ಇಲ್ಲಿಗೇ ನಿಂತುಬಿಡುತ್ತಾರೆ. ಏನೂ ಮಾಡದೆ ಇರುವುದಕ್ಕಿಂತ ಇದು ಎಷ್ಟೋ ಪಾಲು ಮೇಲು, ಆದರೆ ವಸಡಿನ ಅಂಚಿನ ಸಂದಿಗೆ ಬಟ್ಟೆ ಇಳಿಯುವುದಿಲ್ಲ.

ಹಂತ 6: ನಾಲ್ಕನೇ ವಾರ, ಬ್ರಷ್

ಮೊದಲ ದಿನ ಬ್ರಷ್ ಮೇಲೆ ಪೇಸ್ಟ್ ಹಾಕಿ ನೆಕ್ಕಿಸಿ, ಅಷ್ಟೇ. ಎರಡನೇ ದಿನ ಕೋರೆಹಲ್ಲು ಮಾತ್ರ.

ಪೇಸ್ಟ್ ಎಷ್ಟು? ಸಣ್ಣ ನಾಯಿಗೆ, ಬೆಕ್ಕಿಗೆ ಒಂದು ಜೋಳದ ಕಾಳಿನಷ್ಟು. ದೊಡ್ಡ ನಾಯಿಗೆ ತೊಗರಿ ಕಾಳಿನಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಷ್ ಉದ್ದಕ್ಕೂ ಬಳಿಯಬೇಡಿ. ಹಾಕಿದ ಪೇಸ್ಟನ್ನು ಬೆರಳಿಂದ ಎಳೆಗಳ ಒಳಕ್ಕೆ ಒತ್ತಿ, ಮೇಲೇ ಕೂತಿದ್ದರೆ ಒಂದೇ ನೆಕ್ಕಿಗೆ ಖಾಲಿ ಮಾಡುತ್ತದೆ.

ಎಡಗೈ ಮೂಗಿನ ಮೇಲಿಂದ ಹಗುರವಾಗಿ ಬಳಸಿ ಬರಲಿ, ಹೆಬ್ಬೆರಳಿನಿಂದ ತುಟಿ ಎತ್ತಿ. ಹಿಂದಿನ ಹಲ್ಲು ಕಾಣಬೇಕಾದರೆ ತುಟಿಯ ಮೂಲೆಯನ್ನು ಹಿಂದಕ್ಕೆ, ಕಿವಿಯ ಕಡೆಗೆ ಸ್ವಲ್ಪ ಸರಿಸಿ. ಬಲಗೈಯಲ್ಲಿ ಬ್ರಷ್ಷನ್ನು ಪೆನ್ನಿನ ಹಾಗೆ ಹಿಡಿಯಿರಿ. ಪಾತ್ರೆ ತಿಕ್ಕುವ ಹಾಗೆ ಮುಷ್ಟಿಯಲ್ಲಿ ಹಿಡಿದರೆ ಒತ್ತಡ ಜಾಸ್ತಿಯಾಗುತ್ತದೆ.

ಎಳೆಗಳು ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ, ವಸಡಿನ ಕಡೆಗೆ ಸುಮಾರು 45 ಡಿಗ್ರಿ ಓರೆಯಾಗಿ ಇರಬೇಕು. ಅಲ್ಲಿ ಸಣ್ಣ ಸಣ್ಣ ಸುತ್ತು. ಜಾಗಕ್ಕೆ ಐದಾರು ಸುತ್ತು ತಿರುಗಿಸಿ ಮುಂದಕ್ಕೆ ಹೋಗಿ. ಹಲ್ಲಿನ ತುದಿಯನ್ನು ಎಷ್ಟು ಉಜ್ಜಿದರೂ ಉಪಯೋಗ ಕಡಿಮೆ, ರೋಗ ಶುರುವಾಗುವುದು ಬುಡದಲ್ಲಿ.

ಮೇಲಿನ ಕೋರೆ, ಅಲ್ಲಿಂದ ಹಿಂದಿನ ದೊಡ್ಡ ಹಲ್ಲುಗಳು, ಆಮೇಲೆ ಅದೇ ಕಡೆಯ ಕೆಳಗಿನವು, ಆಮೇಲೆ ಇನ್ನೊಂದು ಕಡೆ, ಕೊನೆಗೆ ಎದುರಿನ ಸಣ್ಣ ಹಲ್ಲುಗಳು. ದಿನಾ ಇದೇ ಕ್ರಮ ಇರಲಿ. ಒಂದು ಕಡೆಗೆ ಅರ್ಧ ನಿಮಿಷ, ಎಲ್ಲ ಸೇರಿ ಒಂದರಿಂದ ಎರಡು ನಿಮಿಷ. ಮಧ್ಯದಲ್ಲೇ ಎದ್ದು ಹೋದರೆ ಹೋಗಲಿ, ನಾಳೆ ಇನ್ನೊಂದು ಕಡೆಯಿಂದ ಶುರು ಮಾಡಿ.

ಒಳಗಡೆ, ನಾಲಿಗೆಯ ಕಡೆ ಉಜ್ಜಬೇಕಾ? ಎಲ್ಲರೂ ಕೇಳುತ್ತಾರೆ. ನಾಲಿಗೆ ಆಡುತ್ತಿರುವುದರಿಂದ ಅಲ್ಲಿ ಪಾಚಿ ಕಡಿಮೆ. ಹೊರಗಡೆ ಚೆನ್ನಾಗಿ ಮಾಡಿ, ಒಳಗಿನದಕ್ಕೆ ಕುಸ್ತಿ ಹಿಡಿಯಬೇಡಿ. ಬಾಯಿ ತೊಳೆಸುವುದೂ ಬೇಡ.

ಮೊದಮೊದಲು ಬ್ರಷ್ ಮೇಲೆ ಸ್ವಲ್ಪ ಗುಲಾಬಿ ಬಣ್ಣ ಕಂಡರೆ ಗಾಬರಿಯಾಗಬೇಡಿ, ಸ್ವಲ್ಪ ಊದಿದ ವಸಡು ಹಾಗೆ ಮಾಡುತ್ತದೆ. ವಾರ ಕಳೆದರೂ ನಿಲ್ಲದಿದ್ದರೆ, ಅಥವಾ ರಕ್ತ ಹನಿ ಹನಿಯಾಗಿ ಬಂದರೆ ನಿಲ್ಲಿಸಿ ತೋರಿಸಿ.

ಬೆಕ್ಕಿದ್ದವರಿಗೆ

ಹಂತಗಳು ಅವೇ, ಆದರೆ ವೇಗ ಕಡಿಮೆ. ಬ್ರಷ್ ಬದಲು ಕಿವಿ ಕಡ್ಡಿಯಿಂದ ಶುರು ಮಾಡಿ. ಉಪ್ಪಿಲ್ಲದೆ ಮೀನು ಬೇಯಿಸಿದ ನೀರಲ್ಲಿ ಅದ್ದಿ, ತುಟಿಯ ಮೂಲೆಯಿಂದ ಒಳಗೆ ಜಾರಿಸಿ, ಕೆನ್ನೆಯ ಹಲ್ಲಿನ ಮೇಲೆ ಎರಡು ಸಲ ಹೊರಳಿಸಿ ತೆಗೆಯಿರಿ. ಹದಿನೈದು ಇಪ್ಪತ್ತು ಸೆಕೆಂಡ್ ಸಿಕ್ಕರೆ ಅವತ್ತಿನ ಪುಣ್ಯ.

ಟವೆಲ್‌ನಲ್ಲಿ ಸುತ್ತಿ ಹಿಡಿಯುವ ಉಪಾಯ ಎಲ್ಲರೂ ಹೇಳುತ್ತಾರೆ. ಔಷಧ ಕುಡಿಸಲು ಒಂದೆರಡು ಸಲ ಅದು ಸರಿ. ದಿನಾ ಮಾಡುವ ಕೆಲಸಕ್ಕೆ ಬೇಡ. ಮೂರನೇ ದಿನ ಟವೆಲ್ ಕಂಡರೇ ಬೆಕ್ಕು ಅಟ್ಟ ಹತ್ತುತ್ತದೆ. ಬೆಕ್ಕು ಕಿಟಕಿಯ ಕಟ್ಟೆಯ ಮೇಲೆ ನಿದ್ದೆಗಣ್ಣಲ್ಲಿ ಕೂತಿರುವಾಗ ನೀವೇ ಅದರ ಹತ್ತಿರ ಹೋಗಿ, ಹಿಂದಿನಿಂದ ಕೈ ತನ್ನಿ.

ಬೆಕ್ಕಿಗೆ ಒಂದು ವಿಶೇಷ ರೋಗವಿದೆ. ಹಲ್ಲು ಬುಡದಲ್ಲಿ ತಾನೇ ಕರಗುತ್ತಾ ಹೋಗುತ್ತದೆ, ಆ ಗುಳಿಗೆ ವಸಡು ಬೆಳೆದು ಹಲ್ಲಿನ ಮೇಲೆ ಕೆಂಪು ಚುಕ್ಕೆಯ ಹಾಗೆ ಕಾಣುತ್ತದೆ. ಅಲ್ಲಿ ಮುಟ್ಟಿದರೆ ದವಡೆ ಕಟಕಟ ನಡುಗಿಸುತ್ತದೆ, ಅಷ್ಟು ನೋವು. ಹಾಗೆ ಕಂಡರೆ ಬ್ರಷ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬಾಯಿ ನೋವಿಗೆ ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ಟರೂ ತಡ ಮಾಡಬೇಡಿ. ಕೆಲವು ದಿನ ಉಪವಾಸವಿದ್ದ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ, ಅದರಲ್ಲೂ ದಪ್ಪ ಬೆಕ್ಕಿಗೆ.

ಮತ್ತೆ ಮತ್ತೆ ಆಗುವ ತಪ್ಪುಗಳು

ಉಪ್ಪು, ಇದ್ದಿಲು, ಅಡುಗೆ ಸೋಡಾ, ಕೆಂಪು ಹಲ್ಲುಪುಡಿ. ನಮ್ಮ ಅಜ್ಜಿಗೆ ಆಗಿಬಂದಿದ್ದು ನಾಯಿಗೂ ಆಗಲಿ ಅನ್ನುವ ಲೆಕ್ಕ. ಇದ್ದಿಲು ಹಲ್ಲಿನ ಮೇಲ್ಪದರ ಸವೆಸುತ್ತದೆ, ಸೋಡಾ ಮತ್ತು ಉಪ್ಪು ಹೊಟ್ಟೆಗೆ ಹೋಗಿ ಸೋಡಿಯಂ ಜಾಸ್ತಿಯಾಗುತ್ತದೆ. ಲವಂಗದ ಎಣ್ಣೆ, ಟೀ ಟ್ರೀ ಎಣ್ಣೆ ಬೆಕ್ಕಿನ ಹತ್ತಿರವೂ ತರಬೇಡಿ, ಅದರ ಲಿವರ್ ಇಂಥದ್ದನ್ನು ತಡೆಯುವುದಿಲ್ಲ.

"ನಾವು ಎಲುಬು ಹಾಕ್ತೀವ್ರೀ, ಹಲ್ಲು ತಾನೇ ಸ್ವಚ್ಛ ಆಗ್ತಾವ." ಇದನ್ನು ನಾನೂ ನಂಬಿದ್ದೆ. ಮಟನ್ ಅಂಗಡಿಯಿಂದ ನಳ್ಳಿ ಎಲುಬು ತಂದು ರಾಜಾಗೆ ಕೊಟ್ಟವನು ನಾನೇ. ಆ ಕೆನ್ನೆಯ ದೊಡ್ಡ ಹಲ್ಲಿನ ಹೊರ ಚಕ್ಕೆ ಎದ್ದು ಬಂತು, ಒಳಗಿನ ನರ ಕಾಣುತ್ತಿತ್ತು. ಮೂರು ವಾರ ಒಂದೇ ಕಡೆ ಅಗಿಯುತ್ತಿದ್ದರೂ ನನಗೆ ಹೊಳೆಯಲಿಲ್ಲ. ಕಡೆಗೆ ಅರಿವಳಿಕೆ ಕೊಟ್ಟು ಹಲ್ಲು ಕೀಳಬೇಕಾಯಿತು. ಬೇಯಿಸಿದ ಎಲುಬು ಇನ್ನೂ ಕೆಟ್ಟದ್ದು, ಸೀಳಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಅಗಿಯಲು ಏನೇ ಕೊಡಿ, ಹೆಬ್ಬೆರಳಿನ ಉಗುರು ಒತ್ತಿ ನೋಡಿ. ಉಗುರಿನ ಗುರುತು ಮೂಡದಷ್ಟು ಗಟ್ಟಿ ಇದ್ದರೆ ಅದು ಹಲ್ಲು ಮುರಿಯುವ ಸಾಮಾನು.

ಒಣ ಆಹಾರ ಹಾಕಿದರೆ ಹಲ್ಲು ಉಜ್ಜಿದ ಹಾಗೆ ಅನ್ನುವುದೂ ಅಷ್ಟೇ. ಮಾಮೂಲಿ ಒಣ ಕಾಳು ಹಲ್ಲಿನ ತುದಿ ತಾಗಿದ ಕೂಡಲೇ ಪುಡಿಯಾಗುತ್ತದೆ, ವಸಡಿನ ತನಕ ತಲುಪುವುದೇ ಇಲ್ಲ. ನಾವು ಬಿಸ್ಕತ್ತು ತಿಂದು ಹಲ್ಲುಜ್ಜಿದೆ ಅನ್ನುತ್ತೇವಾ?

ಮನೆಯಲ್ಲೇ ಚೂಪಾದ ಕಬ್ಬಿಣದ ಕಡ್ಡಿಯಿಂದ ಟಾರ್ಟರ್ ಎಬ್ಬಿಸುವ ವಿಡಿಯೋಗಳು ಓಡಾಡುತ್ತಿವೆ. ನೋಡಲು ಖುಷಿ, ಮಾಡಲು ಬೇಡ. ಹಲ್ಲಿನ ಮೇಲೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಪಾಚಿ ಇನ್ನೂ ಬೇಗ ಕಟ್ಟುತ್ತದೆ. ನಾಯಿ ಒಂದು ಸಲ ತಲೆ ಕೊಡವಿದರೆ ವಸಡು ಹರಿಯುತ್ತದೆ. ವಸಡಿನ ಕೆಳಗಿನದಂತೂ ಅಲ್ಲೇ ಉಳಿಯುತ್ತದೆ. ಅರಿವಳಿಕೆ ಇಲ್ಲದೆ ಪಾರ್ಲರ್‌ನಲ್ಲಿ ಸ್ಕೇಲಿಂಗ್, ಅಂದರೆ ಟಾರ್ಟರ್ ಕೆರೆದು ತೆಗೆಯುವ ಕೆಲಸ, ಮಾಡುತ್ತೇವೆ ಅನ್ನುವವರಿಗೂ ಇದೇ ಮಾತು.

ಯಾವಾಗ ಆಸ್ಪತ್ರೆಗೆ

ಬಾಯಿ ವಾಸನೆಯನ್ನು "ನಾಯಿ ಬಾಯಿ, ಹಾಂಗೇ ಇರ್ತದ" ಅಂತ ಬಿಡಬೇಡಿ. ಕೊಳೆತ ವಾಸನೆ ಬರುವ ಬಾಯಲ್ಲಿ ಏನೋ ಕೊಳೆಯುತ್ತಿದೆ ಅಂತಲೇ ಅರ್ಥ. ರೊಟ್ಟಿ ಬಾಯಿಗೆ ಹಾಕಿಕೊಂಡು ಕೆಳಗೆ ಬೀಳಿಸುವುದು, ಒಂದೇ ಕಡೆ ಅಗಿಯುವುದು, ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುವುದು, ಜೊಲ್ಲಿನಲ್ಲಿ ರಕ್ತ, ಒಂದು ಹೊಳ್ಳೆಯಿಂದ ಮಾತ್ರ ಸಿಂಬಳ, ಇವು ತೋರಿಸಲೇಬೇಕಾದವು. ಕಣ್ಣಿನ ಕೆಳಗೆ ಬಾವು ಬಂದರೆ ಹುಳ ಕಚ್ಚಿದೆ ಅಂತ ಮುಲಾಮು ಹಚ್ಚುತ್ತಾ ಕೂರುವವರಿದ್ದಾರೆ. ಆ ಕೆನ್ನೆಯ ದೊಡ್ಡ ಹಲ್ಲಿನ ಬೇರು ಸರಿಯಾಗಿ ಅಲ್ಲೇ ಬರುತ್ತದೆ. ಬೇರಿನಲ್ಲಿ ಕೀವಾದರೆ ಬಾವು ಏಳುವುದು ಕಣ್ಣಿನ ಕೆಳಗೆ. ನೋವಿಗೆಂದು ನಿಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಒಂದೇ ಗುಳಿಗೆ ಪ್ರಾಣ ತೆಗೆಯಬಹುದು.

ಸರಿಯಾದ ಸ್ಕೇಲಿಂಗ್ ಪೂರ್ತಿ ಅರಿವಳಿಕೆಯಲ್ಲೇ ಆಗಬೇಕು. ಎಲ್ಲ ಕಡೆ ಈ ಸೌಲಭ್ಯ ಇರುವುದಿಲ್ಲ, ಆದ್ದರಿಂದ ಹೋಗುವ ಮೊದಲು ಫೋನಿನಲ್ಲೇ "ಅರಿವಳಿಕೆ ಕೊಟ್ಟು ಹಲ್ಲಿನ ಸ್ಕೇಲಿಂಗ್ ಮಾಡ್ತೀರಾ?" ಅಂತ ಬಿಡಿಸಿ ಕೇಳಿ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೂ ವಿಚಾರಿಸಬಹುದು. ಕಲಬುರಗಿಯಿಂದ ನೂರು ಕಿಲೋಮೀಟರ್ ಮೇಲಾಗುತ್ತದೆ, ಬೇಸಿಗೆಯಲ್ಲಾದರೆ ನಸುಕಿನಲ್ಲೇ ಹೊರಡಿ. ಸ್ಕೇಲಿಂಗ್ ಆದ ಮೇಲೆ ಎಷ್ಟು ದಿನಕ್ಕೆ ಬ್ರಷ್ ಶುರು ಮಾಡಬೇಕು ಅನ್ನುವುದನ್ನೂ ಅಲ್ಲೇ ಕೇಳಿಕೊಂಡು ಬನ್ನಿ.

ಕಚ್ಚಿದರೆ

ಹಲ್ಲು ತಾಗಿ ಚರ್ಮ ಹರಿದಿದ್ದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ 15 ನಿಮಿಷ. ಖಾರಪುಡಿ, ಸುಣ್ಣ, ಅರಿಶಿನ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ, ನಿಮ್ಮ ನಾಯಿಯ ಲಸಿಕೆ ಕಾರ್ಡನ್ನೂ ತೆಗೆದುಕೊಂಡು ಹೋಗಿ. ಮನೆಯ ನಾಯಿ ಅಂತ ಸುಮ್ನೆ ಕೂರಬೇಡಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಆಳಕ್ಕೆ ಹೋಗಿ ಎರಡೇ ದಿನದಲ್ಲಿ ಕೈ ಊದುತ್ತದೆ.

ದಿನಚರಿ

ದಿನಾ ಮಾಡಿದರೆ ಒಳ್ಳೆಯದು. ಆಗದಿದ್ದರೆ ದಿನ ಬಿಟ್ಟು ದಿನ. ಅದಕ್ಕಿಂತ ಅಂತರ ಬಿಟ್ಟರೆ ಪಾಚಿ ಗಟ್ಟಿಯಾಗಿಬಿಡುತ್ತದೆ, ಭಾನುವಾರಕ್ಕೊಮ್ಮೆ ಹತ್ತು ನಿಮಿಷ ತಿಕ್ಕಿ ಸರಿಮಾಡುತ್ತೇನೆ ಅನ್ನುವುದು ಆಗದ ಮಾತು. ಮದುವೆ, ಜಾತ್ರೆ ಅಂತ ವಾರಗಟ್ಟಲೆ ತಪ್ಪಿದರೆ ವಾಪಸ್ ಬಂದ ದಿನ ಬ್ರಷ್ ಹಿಡಿಯಬೇಡಿ, ಎರಡು ದಿನ ಬೆರಳಿನಿಂದ ಮಾಡಿ, ಆಮೇಲೆ ಬ್ರಷ್.

ಪೇಸ್ಟ್ ಟ್ಯೂಬನ್ನು ಮೇ ತಿಂಗಳಲ್ಲಿ ಕಿಟಕಿ ಹತ್ತಿರವೋ ಕಾರಿನಲ್ಲೋ ಇಡಬೇಡಿ. ಬ್ರಷ್ ತೊಳೆದು ಗಾಳಿಗೆ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ, ಎಳೆ ಬಾಗಿದ್ದರೆ ಅದಕ್ಕೂ ಮೊದಲೇ. ಒಂದೊಂದು ಪ್ರಾಣಿಗೆ ಒಂದೊಂದು ಬ್ರಷ್. ನಾನು ಹಿಡಿಕೆಯ ಮೇಲೆ ಮಾರ್ಕರ್‌ನಿಂದ ರಾಜಾ, ಮುನ್ನಿ ಅಂತ ದಪ್ಪಗೆ ಬರೆದು ಬೇರೆ ಲೋಟದಲ್ಲಿ ಇಟ್ಟಿದ್ದೇನೆ. ಮೊದಲು ಬರೆದಿರಲಿಲ್ಲ. ಊರಿಂದ ಬಂದಿದ್ದ ಕಾಕಾ ಬೆಳಿಗ್ಗೆ ಎದ್ದು, "ನಿಮ್ಮ ಪೇಸ್ಟ್ ಕೋಳಿ ವಾಸನಿ ಬರ್ತದಲ್ಲೋ ತಮ್ಮಾ" ಅಂತ ಬಚ್ಚಲಿನಿಂದ ಕೂಗಿದ ಮೇಲೆ ಬರೆದೆ.